ಜಿಲ್ಲಾ ಪಂಚಾಯಿತಿ ಮೆಂಬರ್ ಮಾಡೋ ಕೆಲಸ ಏನು? ಸೀಟು ಖಾಲಿ ಇದ್ರೆ ನಮಗೇನು ನಷ್ಟ?

ಹಳ್ಳಿಯಲ್ಲಿ ವೋಟಿರೋರಿಗೆ ಮೊದಲು ಒಂದು ಪ್ರಶ್ನೆ. ಎಂಎಲ್‌ಎಗೆ ಹಾಕಿದ್ದೀರಿ, ಎಂಪಿಗೆ ಹಾಕಿದ್ದೀರಿ, ಗ್ರಾಮ ಪಂಚಾಯಿತಿಗೂ ಹಾಕಿರ್ತೀರಿ. ಜಿಲ್ಲಾ ಪಂಚಾಯಿತಿಗೆ? ವಯಸ್ಸು ಇಪ್ಪತ್ತೈದರೊಳಗಿದ್ರೆ ಹಾಕಿರೋಕೆ ಚಾನ್ಸೇ ಇಲ್ಲ. ಕರ್ನಾಟಕದಲ್ಲಿ ಆ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ಐದು ವರ್ಷದ ಅವಧಿ 2021ಕ್ಕೆ ಮುಗೀತು. 2025 ಬಂತು, ಇನ್ನೊಂದು ಚುನಾವಣೆ ಆಗಿಲ್ಲ.

ಸರಿ, ಈ ಮೆಂಬರ್ ಮಾಡೋದೇನು? ಬಿ.ಕಾಂ ಓದಿದವನು ನಾನು, ದುಡ್ಡಿನಿಂದಲೇ ಶುರು ಮಾಡ್ತೀನಿ. ಗ್ರಾಮ ಪಂಚಾಯಿತಿ ಮನೆ ಕಂದಾಯ ವಸೂಲಿ ಮಾಡುತ್ತೆ. ಜಿಲ್ಲಾ ಪಂಚಾಯಿತಿಗೆ ತೆರಿಗೆ ಹಾಕೋ ಅಧಿಕಾರವೇ ಇಲ್ಲ. ರಾಜ್ಯ ಸರ್ಕಾರ ಯಾವ ಬಾಬ್ತಿಗೆ ಎಷ್ಟು ಅಂತ ಮೊದಲೇ ಬರೆದು ಕಳಿಸುತ್ತೆ, ಅದರಲ್ಲೂ ದೊಡ್ಡ ಪಾಲು ಮೇಷ್ಟ್ರುಗಳ, ಸಿಬ್ಬಂದಿಯ ಸಂಬಳಕ್ಕೇ ಹೋಗುತ್ತೆ. ಹಾಗಾದ್ರೆ ಮೆಂಬರ್ ಸುಮ್ನೆ ಕೂರೋ ಪೋಸ್ಟಾ? ನನಗೆ ಹಾಗನಿಸಲ್ಲ. ಅವರ ನಿಜವಾದ ಪವರ್ ಇರೋದು ಪ್ರಶ್ನೆ ಕೇಳೋದ್ರಲ್ಲಿ.

ಜಿಲ್ಲಾ ಪಂಚಾಯಿತಿ ಸಾಮಾನ್ಯ ಸಭೆ ಒಮ್ಮೆ ನೆನಪಿಸಿಕೊಳ್ಳಿ. ಶಿಕ್ಷಣ ಇಲಾಖೆ ಡಿಡಿಪಿಐ, ಜಿಲ್ಲಾ ಆರೋಗ್ಯಾಧಿಕಾರಿ, ಕುಡಿಯೋ ನೀರಿನ ಎಂಜಿನಿಯರ್ ಎಲ್ಲರೂ ಎದುರಿಗೆ ಕೂತಿರ್ತಾರೆ. ಒಬ್ಬ ಮೆಂಬರ್ ಎದ್ದು, 'ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಡಾಕ್ಟರ್ ಯಾಕಿಲ್ಲ? ಶಾಲೆ ಸೋರ್ತಿದೆ, ರಿಪೇರಿ ಬಿಲ್ ಹೆಂಗೆ ಪಾಸಾಯ್ತು?' ಅಂತಾರೆ. ಅಧಿಕಾರಿ ಅಲ್ಲೇ ಉತ್ತರ ಕೊಡಬೇಕು, ಅದು ನಡಾವಳಿಯಲ್ಲಿ ದಾಖಲಾಗುತ್ತೆ. ಇದಲ್ಲದೆ ಶಿಕ್ಷಣ ಮತ್ತು ಆರೋಗ್ಯ, ಸಾಮಾಜಿಕ ನ್ಯಾಯ, ಹಣಕಾಸು, ಹೀಗೆ ಸ್ಥಾಯಿ ಸಮಿತಿಗಳೂ ಇವೆ.

'ಎಂಎಲ್‌ಎ ಇದ್ದಾರಲ್ಲ, ಅವರೇ ಕೇಳ್ಲಿ' ಅನ್ನೋರಿದ್ದಾರೆ. ಹೌದು, ಅವರೂ ಈ ಸಭೆಯ ಸದಸ್ಯರೇ. ಆದ್ರೆ ಅವರ ಕ್ಷೇತ್ರದಲ್ಲಿ ಲಕ್ಷಗಟ್ಟಲೆ ಜನ. 2016ರ ಲೆಕ್ಕದಲ್ಲಿ ಜಿಲ್ಲಾ ಪಂಚಾಯಿತಿಗೆ ಸುಮಾರು 40,000 ಜನಕ್ಕೆ ಒಬ್ಬ ಮೆಂಬರ್, ಕೊಡಗಿನಲ್ಲಂತೂ 18,000ಕ್ಕೇ ಒಬ್ಬರು. ಅರ್ಧದಷ್ಟು ಸೀಟು ಮಹಿಳೆಯರಿಗೆ. ವಿಧಾನಸಭೆಯಲ್ಲಿ ಅಷ್ಟು ಹೆಣ್ಮಕ್ಕಳು ಎಲ್ಲಿದ್ದಾರೆ ಹೇಳಿ!

ಈಗ ಆ ಕುರ್ಚಿಗಳು ಖಾಲಿ. ಸರ್ಕಾರ ನೇಮಿಸಿದ ಆಡಳಿತಾಧಿಕಾರಿ ಇದ್ದಾರೆ. ಅಂದ್ರೆ ಅಧಿಕಾರಿಗಳ ಕೆಲಸವನ್ನ ಇನ್ನೊಬ್ಬ ಅಧಿಕಾರಿಯೇ ಕೇಳಬೇಕು. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟ್ ಕೇಸು ಅಂತ ವರ್ಷಗಳು ಉರುಳಿದವು. ಐದು ವರ್ಷ ತುಂಬೋದ್ರೊಳಗೆ ಚುನಾವಣೆ ಆಗ್ಬೇಕು ಅಂತ ಸಂವಿಧಾನದ 243ಇ ವಿಧಿ ಸ್ಪಷ್ಟವಾಗೇ ಹೇಳುತ್ತೆ. ತಮಾಷೆ ಅಂದ್ರೆ, ಸಂವಿಧಾನಕ್ಕೆ ಆ ತಿದ್ದುಪಡಿ ಬರೋ ಮುಂಚೆನೇ, 1987ರಲ್ಲಿ, ಅಬ್ದುಲ್ ನಜೀರ್ ಸಾಬ್ ಕಾಲದಲ್ಲಿ ಜಿಲ್ಲಾ ಪರಿಷತ್ ಚುನಾವಣೆ ಮಾಡಿ ತೋರಿಸಿದ ರಾಜ್ಯ ನಮ್ದು.

ಸದ್ಯಕ್ಕೆ ನಿಮ್ಮೂರಲ್ಲಿ ಎದ್ದು ಪ್ರಶ್ನೆ ಕೇಳೋಕೆ ಉಳಿದಿರೋ ಜಾಗ ಗ್ರಾಮಸಭೆ. ಅಲ್ಲಿ ಏನು, ಹೇಗೆ ಕೇಳ್ಬೇಕು ಅನ್ನೋದು ಮುಂದಿನ ಎಪಿಸೋಡಲ್ಲಿ. ಸಿಗೋಣ.