ಕಲ್ಬಪ್ಪಿನ ಗಂತಿಯರು

ಸಂಜಯನಗರದ ನಮ್ಮ ಬೀದಿಗೆ ಹೆಬ್ಬಾಳ ಕೂಗಳತೆಯ ದೂರ. ಅಲ್ಲಿ 2018ರಲ್ಲಿ ಒಂದು ವೀರಗಲ್ಲು ಸಿಕ್ಕಿತು. ಗಂಗರ ಶ್ರೀಪುರುಷ ಆಳುತ್ತಿದ್ದ ಸುಮಾರು ಕ್ರಿ.ಶ. 750ರ ಕಲ್ಲು ಅದು. ಹೆಬ್ಬಾಳದ ಸುತ್ತಲಿನ ಪೆರ್ಬೊಳಲ್‌ನಾಡಿನ ಮೇಲೆ ರಟ್ಟವಾಡಿಯವರು ದಂಡೆತ್ತಿ ಬಂದಾಗ ಕಾದಾಡಿ ಮಡಿದ ಕಿತ್ತಯ್ಯನ ನೆನಪಿಗೆ ನಿಲ್ಲಿಸಿದ್ದು. ಗಡಿನಾಡಿನಲ್ಲಿ ಗಂಡಸಿನ ಹೆಸರು ಕಲ್ಲಿಗೇರುತ್ತಿದ್ದುದು ಹೀಗೆ. ಹೆಂಗಸಿನ ಹೆಸರು?

ಅದನ್ನು ಕಾಣಲು ಶ್ರವಣಬೆಳಗೊಳದ ಚಿಕ್ಕಬೆಟ್ಟ ಹತ್ತಬೇಕು. ಕಟವಪ್ರ, ಕಲ್ಬಪ್ಪು ಎಂದು ಹೆಸರಾಗಿದ್ದ ಈ ಬೆಟ್ಟದ ಬಂಡೆಗಳಲ್ಲಿ, ಎದುರಿನ ಗೊಮ್ಮಟ ನಿಲ್ಲುವುದಕ್ಕೂ ಸುಮಾರು ಮುನ್ನೂರು ವರ್ಷ ಮೊದಲೇ ಜೈನ ಸನ್ಯಾಸಿನಿಯರ ಹೆಸರುಗಳಿವೆ. ಅವರೇ ಗಂತಿಯರು, ಮುಂದೆ ಕಂತಿಯರು. ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿ ಗಂತಿ ಇಲ್ಲಿ ಮೂರು ತಿಂಗಳು ವ್ರತ ನೋಂತು ದೇಹ ಬಿಟ್ಟರು. ಸಸಿಮತಿ, ಅನಂತಮತಿ, ಪ್ರಭಾವತಿ, ದಮಿತಾಮತಿಯರ ಹೆಸರುಗಳೂ ಈ ಬಂಡೆಗಳಲ್ಲೇ ಸಿಗುತ್ತವೆ. ಕೆಲವರ ಸಂಘ ನವಿಲೂರಿನದು. ಇಂಥವರ ಮಗಳು, ಇಂಥವರ ಹೆಂಡತಿ ಎಂಬ ಗುರುತು ಇಲ್ಲಿಲ್ಲ. ಊರು, ಗುರು, ಸಂಘ, ಹಿಡಿದ ವ್ರತ, ಇಷ್ಟೇ. ಒಬ್ಬಳೇ ಹೆಣ್ಣುಮಗಳಿಗೂ ‘ಗಂತಿಯರ್’ ಎಂಬ ಗೌರವದ ಬಹುವಚನ.

ಆ ಬಾಳು ಸುಲಭದ್ದಲ್ಲ. ತಲೆಗೂದಲನ್ನು ಕೈಯಾರೆ ಕಿತ್ತುಕೊಳ್ಳುವ ಕೇಶಲೋಚ, ಉಡಲು ಒಂದೇ ಬಿಳಿ ಸೀರೆ, ಕೈಯಲ್ಲಿ ನವಿಲುಗರಿಯ ಪಿಂಛಿ ಮತ್ತು ಕಮಂಡಲು. ದಿನಕ್ಕೆ ಒಂದೇ ಹೊತ್ತಿನ ಆಹಾರ, ಅದೂ ಬೊಗಸೆಯಲ್ಲಿ. ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಬರಿಗಾಲ ನಡಿಗೆ. ದಂಡುಗಳು ಓಡಾಡುವ ನಾಡಿನಲ್ಲಿ ಹೀಗೆ ನಡೆಯಲು ಜೊತೆ ಬೇಕು. ಅನ್ನವಿಕ್ಕುವ ಶ್ರಾವಕಿಯರು, ಅಂದರೆ ಜೈನ ಗೃಹಿಣಿಯರು, ಬೇಕು. ಸಂಘ ಬೇರೂರಿದ್ದು ಈ ಎರಡರ ಆಸರೆಯಲ್ಲಿ.

ಅದು ಎಷ್ಟು ಬೆಳೆಯಿತೆಂಬುದಕ್ಕೆ ಕಡೂರಿನ 971ರ ಶಾಸನ ಸಾಕ್ಷಿ. ಗಂಗದೊರೆ ಬೂತುಗನ ಅಕ್ಕ ಪಾಂಬಬ್ಬೆ ಅರಮನೆ ತೊರೆದು, ತಲೆಗೂದಲು ಕಿತ್ತು, ಮೂವತ್ತು ವರ್ಷ ತಪಸ್ಸು ಮಾಡಿದಳು. ನಾಗಮತಿಯ ಗುರು ಗಂಡಸು. ಪಾಂಬಬ್ಬೆಯ ಗುರು ನಾಣಬ್ಬೆ ಕಂತಿ ಎಂಬ ಹೆಂಗಸು. ಗುರುಪರಂಪರೆಯಲ್ಲಿ ಹೆಣ್ಣು ಶಿಷ್ಯೆಯ ಜಾಗದಿಂದ ಗುರುವಿನ ಜಾಗಕ್ಕೆ ಬಂದಿದ್ದಳು.

ಬಿಳಿ ಸೀರೆಯ ಆರ್ಯಿಕೆಯರನ್ನು, ಅಂದರೆ ಜೈನ ಸನ್ಯಾಸಿನಿಯರನ್ನು, ಶ್ರವಣಬೆಳಗೊಳದಲ್ಲಿ ಇಂದಿಗೂ ಕಾಣಬಹುದು. ಅಲ್ಲಿಗೆ ಹೋದವರು ಗೊಮ್ಮಟನನ್ನು ನೋಡಿ ಬಸ್ಸು ಹತ್ತುವ ಮೊದಲು ಎದುರಿನ ಚಿಕ್ಕಬೆಟ್ಟವನ್ನೂ ಹತ್ತಿ. ಕಿತ್ತಯ್ಯನ ಕಾಲಕ್ಕಾಗಲೇ ನಾಗಮತಿಯ ಹೆಸರು ಅಲ್ಲಿನ ಬಂಡೆಯ ಮೇಲಿತ್ತು.