ಮನೆಮಾತು ಮತ್ತು ಪುಸ್ತಕದ ಮಾತು

ಮಾತು ಮಗುವಿಗೆ ಕೇಳುತ್ತ ಕೇಳುತ್ತ ತಾನಾಗಿಯೇ ಬರುವುದು, ಓದು ಹಾಗಲ್ಲ. ಬರವಣಿಗೆ ಹುಟ್ಟಿ ಸುಮಾರು 5,000 ವರ್ಷಗಳಾದುವಷ್ಟೆ. ಓದಿಗೆಂದೇ ಮೀಸಲಾದ ಭಾಗವು ಮಿದುಳಿನಲ್ಲಿ ಹುಟ್ಟಿನಿಂದ ಇಲ್ಲ. ವಸ್ತುಗಳ ಆಕಾರವನ್ನು ಗುರುತಿಸುವ ಭಾಗವೇ ಅಭ್ಯಾಸಬಲದಿಂದ ಅಕ್ಷರಗಳನ್ನು ಗುರುತಿಸಲು ಕಲಿಯುತ್ತದೆ. ಬಳಿಕ ಅಕ್ಷರವು ಧ್ವನಿಯೊಡನೆ, ಧ್ವನಿಯು ಅರ್ಥದೊಡನೆ ಕೂಡಬೇಕು. ಕನ್ನಡದಲ್ಲಂತೂ ‘ಕ’ ಕಲಿತ ಮಗು ಕಾ, ಕಿ, ಕೃ, ಕ್ಕ ಎಂಬ ರೂಪಗಳನ್ನೂ ಕಲಿಯಬೇಕು.

ಮಂಗಳೂರಿನಲ್ಲಿ ಇನ್ನೊಂದು ತೊಡಕುಂಟು. ಇಲ್ಲಿನ ಅನೇಕ ಮನೆಗಳ ಮಾತು ತುಳು, ಕೊಂಕಣಿ ಅಥವಾ ಬ್ಯಾರಿ; ಕನ್ನಡ ಶಾಲೆಯ ಪುಸ್ತಕದ ಮಾತು ಬೇರೆ. ಮನೆಯಲ್ಲಿ ‘ಪುಚ್ಚೆ’ ಎನ್ನುವ ತುಳುವರ ಮಗು ಪುಸ್ತಕದಲ್ಲಿ ‘ಬೆಕ್ಕು’ ಎಂದು ಓದಬೇಕು. ಎಂದೂ ಕೇಳದ ಶಬ್ದವನ್ನು ಅಕ್ಷರ ಕೂಡಿಸಿ ಓದಿದರೂ ಅರ್ಥವು ಹೊಳೆಯದು. ಅರ್ಥ ಹೊಳೆಯದ ಓದನ್ನು ಯಾವ ಮಗುವೂ ಪ್ರೀತಿಸದು.

ಆದುದರಿಂದ ಪುಸ್ತಕದ ಮಾತು ಕಣ್ಣಿಗಿಂತ ಮೊದಲು ಕಿವಿಗೆ ಬೀಳಬೇಕು. ಬಂಟ್ವಾಳದಲ್ಲಿ 1874ರಲ್ಲಿ ಜನಿಸಿ, ಮಂಗಳೂರಿನಲ್ಲಿ ಉಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರ ಮನೆಮಾತು ಕೊಂಕಣಿ. ಅವರು ಮಕ್ಕಳಿಗಾಗಿ ಕನ್ನಡದಲ್ಲಿ ಕಥೆಗಳನ್ನೂ ಪ್ರಾಸದ ಪದ್ಯಗಳನ್ನೂ ಬರೆದರು. ಪ್ರಾಸವು ಬರಿಯ ವಿನೋದವಲ್ಲ. ಶಬ್ದವನ್ನು ಧ್ವನಿಗಳಾಗಿ ಬಿಡಿಸಿ ಕೇಳಲು ಅದು ಕಿವಿಯನ್ನು ಪಳಗಿಸುತ್ತದೆ. ಓದಿಗೆ ಅಡಿಪಾಯವೇ ಈ ಶಕ್ತಿ.

ವಾಚಕರೇ, ಈ ಕೆಲಸ ನಿಮ್ಮಿಂದಲೂ ಆದೀತು. ನಿತ್ಯ ಕಾಲು ಗಂಟೆ ತಮ್ಮನನ್ನೋ ತಂಗಿಯನ್ನೋ ಬಳಿಯಲ್ಲಿ ಕುಳ್ಳಿರಿಸಿ, ಸಾಲಿನ ಮೇಲೆ ಬೆರಳಿರಿಸಿ ಗಟ್ಟಿಯಾಗಿ ಓದಿರಿ. ನಡುವೆ ನಿಲ್ಲಿಸಿ, “ಮುಂದೇನಾದೀತು?” ಎಂದು ಕೇಳಿರಿ. ಉತ್ತರ ಮನೆಮಾತಿನಲ್ಲಿ ಬಂದರೆ ಗದರಬೇಡಿರಿ. ಅರ್ಥವಾಯಿತೆಂಬುದಕ್ಕೆ ಅದೇ ಸಾಕ್ಷಿ.