ದರಕು ಗುಡಿಸಿದರೆ ಏಳುವ ಅಣಬೆ

ಕೊಡೆ ಬಿಚ್ಚಿದರೆ ಮತ್ಸುತಾಕೆ ಅಣಬೆಯ ಬೆಲೆ ಇಳಿದುಹೋಗುತ್ತದೆ. ಮೊಗ್ಗಿನಲ್ಲೇ ಕೀಳಬೇಕು. ಹಾಗಾಗಿ ಜಪಾನಿನ ಅನುಭವಿಗಳು ಕಣ್ಣಿಗಿಂತ ಅಂಗೈಯನ್ನು ಹೆಚ್ಚು ನಂಬುತ್ತಾರೆ. ಪೈನ್ ಮರದ ಬುಡದಿಂದ ಸ್ವಲ್ಪ ಆಚೆ, ಉದುರಿದ ಸೂಜಿಯೆಲೆಗಳ ಮೇಲೆ ಕೈಯಾಡಿಸುತ್ತ, ನೆಲ ಎಲ್ಲಿ ತುಸು ಉಬ್ಬಿದೆ ಎಂದು ನೋಡುತ್ತಾರೆ. ಸಿಕ್ಕಿದರೆ ಬುಡಕ್ಕೆ ಬೆರಳು ಹಾಕಿ, ಮೆಲ್ಲಗೆ ಅಲ್ಲಾಡಿಸಿ, ಇಡಿಯಾಗಿ ಎತ್ತುತ್ತಾರೆ. ಕುಳಿಗೆ ಮತ್ತೆ ಮಣ್ಣು, ಮಣ್ಣಿನ ಮೇಲೆ ಎಲೆ. ಅಲ್ಲಿ ಏನೂ ನಡೆದೇ ಇಲ್ಲವೆಂಬಂತೆ! ಆ ಜಾಗವನ್ನು ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೂ ಹೇಳುವುದಿಲ್ಲ ಎಂಬ ಮಾತು ಅಲ್ಲಿದೆ. ನಮ್ಮ ಮಲೆನಾಡಿನಲ್ಲೂ ಹುತ್ತದ ಅಣಬೆ ಏಳುವ ಜಾಗ ಬಲ್ಲವರು ಅಷ್ಟು ಸುಲಭಕ್ಕೆ ಬಾಯಿ ಬಿಡುವುದಿಲ್ಲವಲ್ಲ.

ಮತ್ಸು ಎಂದರೆ ಪೈನ್, ತಾಕೆ ಎಂದರೆ ಅಣಬೆ. ಇದರ ಗುಟ್ಟೆಲ್ಲ ವಾಸನೆಯಲ್ಲಿದೆ. ಒದ್ದೆ ಮಣ್ಣಿನ ಜೊತೆ ದಾಲ್ಚಿನ್ನಿ ಬೆರೆತಂಥ ಘಮ. ಒಂದೆರಡು ಹೋಳು ಅನ್ನದ ಜೊತೆ ಬೆಂದರೂ ಸಾಕು, ಪಾತ್ರೆಯ ಮುಚ್ಚಳ ತೆಗೆದವರಿಗೆ ಶರತ್ಕಾಲ ಬಂತೆಂದು ಗೊತ್ತಾಗುತ್ತದೆ. ಒಳ್ಳೆಯ ದೇಸಿ ಮತ್ಸುತಾಕೆಗೆ ಕಿಲೋಗೆ ಹತ್ತಾರು ಸಾವಿರ ಯೆನ್ ಕೊಡುವವರಿದ್ದಾರೆ. ಕೊಡಲು ದುಡ್ಡಿದ್ದರೂ ಈಗ ಅಣಬೆಯೇ ಇಲ್ಲ. 1941ರಲ್ಲಿ ಜಪಾನಿನ ಕಾಡುಗಳಿಂದ 12,000 ಟನ್ನಿಗೂ ಹೆಚ್ಚು ಬಂದಿತ್ತು. 2019ರಲ್ಲಿ ಸಿಕ್ಕಿದ್ದು 14 ಟನ್. ಮಳೆ ಕೈಕೊಟ್ಟ ವರ್ಷ ಅದು, ನಿಜ. ಆದರೆ ಒಳ್ಳೆಯ ವರ್ಷಗಳ ಲೆಕ್ಕವೂ ಹಳೆಯದರ ಹತ್ತಿರ ಸುಳಿಯುವುದಿಲ್ಲ. 2020ರಲ್ಲಿ ಅಳಿವಿನ ಭೀತಿಯಲ್ಲಿರುವ ಜೀವಿಗಳ ಐಯುಸಿಎನ್ ಕೆಂಪು ಪಟ್ಟಿಗೆ ಇದರ ಹೆಸರೂ ಸೇರಿತು.

ಅಳಿವೆಂದ ಕೂಡಲೇ ನಮ್ಮ ಮನಸ್ಸು ಕೊಡಲಿ ಹಿಡಿದವನನ್ನು ಹುಡುಕುತ್ತದೆ. ಇಲ್ಲಿ ಕಥೆ ತಿರುವುಮುರುವು. ಕೊಡಲಿ ಕೆಳಗಿಟ್ಟದ್ದೇ ಈ ಅಣಬೆಗೆ ಮುಳುವಾಯಿತು.

ಮತ್ಸುತಾಕೆಯ ಬಿಳಿ ಎಳೆಗಳು ಜೀವಂತ ಪೈನ್ ಬೇರನ್ನು ಹೆಣೆದುಕೊಂಡು ಬದುಕುತ್ತವೆ. ಮಣ್ಣಿನ ನೀರು, ಖನಿಜ ಮರಕ್ಕೆ. ಮರದ ಸಕ್ಕರೆ ಅಣಬೆಗೆ. ಎಳೆಗಳು ಹೆಣೆದ ಈ ಜಾಲಕ್ಕೆ ಜಪಾನಿಗಳು ಶಿರೋ ಎನ್ನುತ್ತಾರೆ. ಅದು ಉಂಗುರದಂತೆ ವರ್ಷಕ್ಕೆ ಗೇಣುದ್ದವೂ ಇಲ್ಲದಷ್ಟು ನಿಧಾನವಾಗಿ ಹಿಗ್ಗುತ್ತದೆ. ಶರತ್ಕಾಲದಲ್ಲಿ ನೆಲದೊಳಗಿನ ಉಷ್ಣತೆ 19 ಡಿಗ್ರಿಗೆ ಇಳಿದಾಗ ಅಣಬೆಯ ಮೊಗ್ಗು ಕಟ್ಟುತ್ತದೆ. ಬೇಕಾದ್ದು ಬಡ ಮಣ್ಣು. ಮಣ್ಣು ಕೊಬ್ಬಿದರೆ ಬೇರೆ ಶಿಲೀಂಧ್ರಗಳು ನುಗ್ಗಿ ಇದನ್ನು ಮೂಲೆಗುಂಪು ಮಾಡುತ್ತವೆ.

ಆ ಮಣ್ಣನ್ನು ಬಡವಾಗಿ ಇಟ್ಟವರು ರೈತರು. ಊರಂಚಿನ ಗುಡ್ಡದಿಂದ ಸೌದೆ ತಂದರು, ಇದ್ದಿಲು ಸುಟ್ಟರು, ಗದ್ದೆಗೆ ಗೊಬ್ಬರವೆಂದು ತರಗೆಲೆ ಕೆರೆದು ಹೊತ್ತರು. ಉತ್ತರ ಕನ್ನಡದ ಅಡಕೆ ತೋಟಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ಸೊಪ್ಪಿನ ಬೆಟ್ಟದಲ್ಲಿ ದರಕು ಗುಡಿಸಿ ಹೆಡಿಗೆಯಲ್ಲಿ ಹೊತ್ತು ತಂದವರ ಪಾಡೂ ಇದೇ. ಜಪಾನಿನಲ್ಲಿ ಇಂಥ ಗುಡ್ಡ-ಗದ್ದೆಗಳ ಸೀಮೆಗೆ ಸತೋಯಾಮ ಎಂದು ಹೆಸರು. ಬೋಳು ಗುಡ್ಡದಲ್ಲಿ ಮೊದಲು ಏಳುವ ಮರ ಕೆಂಪು ಪೈನ್. ಅದರ ಬುಡದಲ್ಲಿ ಮತ್ಸುತಾಕೆ. ಎರಡನೇ ಮಹಾಯುದ್ಧದ ನಂತರ ಮನೆಗೆ ಗ್ಯಾಸ್ ಬಂತು, ಗದ್ದೆಗೆ ರಾಸಾಯನಿಕ ಗೊಬ್ಬರ ಬಂತು, ಹುಡುಗರು ಪೇಟೆಗೆ ಹೋದರು. ಗುಡ್ಡ ಹತ್ತುವವರೇ ಇಲ್ಲವಾದರು. ದರಕು ಮೊಳಕಾಲೆತ್ತರ ಬಿತ್ತು, ಅಗಲ ಎಲೆಯ ಮರಗಳು ಪೈನ್‌ನ ಬಿಸಿಲು ಕಿತ್ತುಕೊಂಡವು.

ಸಾಲದ್ದಕ್ಕೆ ರೋಗ. ಉತ್ತರ ಅಮೆರಿಕ ಮೂಲದ, ಮಿಲಿಮೀಟರ್ ಉದ್ದವೂ ಇಲ್ಲದ ಜಂತುಹುಳು ಕಾಂಡ ಕೊರೆಯುವ ದುಂಬಿಯ ಮೈಹತ್ತಿ ಮರದಿಂದ ಮರಕ್ಕೆ ಹೋಗುತ್ತದೆ. ನಾಗಸಾಕಿಯಲ್ಲಿ 1905ರಲ್ಲೇ ಪೈನ್‌ಗಳು ಒಣಗಿದ ದಾಖಲೆಯಿದೆ. ಹುಳುವೇ ಕಾರಣವೆಂದು ಸಾಬೀತಾಗುವಾಗ 1971.

ತೋಟದಲ್ಲಿ ಬೆಳೆಯಬಾರದೇ? ಹಲವರು ಕೈಸುಟ್ಟುಕೊಂಡಿದ್ದಾರೆ. ಬಟನ್ ಅಣಬೆ ಹುಲ್ಲು-ಗೊಬ್ಬರದ ಮೇಲೆ ಬದುಕಿಕೊಳ್ಳುತ್ತದೆ, ಇದಕ್ಕೆ ಜೀವಂತ ಬೇರೇ ಆಗಬೇಕು. 2018ರಲ್ಲಿ ಜಪಾನಿನ ಒಂದು ರಾಸಾಯನಿಕ ಕಂಪನಿ ಬೇರಿನ ನೆರವಿಲ್ಲದೆ ಬೆಳೆಸಿ ತೋರಿಸಿದ್ದು ಇದರ ದಾಯಾದಿಯನ್ನು. ಆ ಅಣಬೆಯ ಹೆಸರು ಬಾಕಾಮತ್ಸುತಾಕೆ, ಅಂದರೆ ಪೆದ್ದ ಮತ್ಸುತಾಕೆ. ಪೈನ್ ಬಿಟ್ಟು ಓಕ್ ಮರಗಳ ಕೆಳಗೆ ಏಳುವುದಕ್ಕೆ ಪಾಪ ಆ ಬಿರುದು.

ಉಳಿದ ದಾರಿ ಗುಡ್ಡ ಹತ್ತುವುದೇ. ಕ್ಯೋಟೊದಲ್ಲಿ ಮತ್ಸುತಾಕೆ ಸಂಶೋಧಕ ಫುಮಿಹಿಕೊ ಯೋಶಿಮುರಾ ಕಟ್ಟಿದ ಸ್ವಯಂಸೇವಕರ ಗುಂಪು ಇದನ್ನೇ ಮಾಡುತ್ತ ಬಂದಿದೆ. ಪೈನ್‌ಗೆ ನೆರಳಾದ ಗಿಡಮರ ಕಡಿಯುವುದು, ಕುಂಟೆಯಿಂದ ದರಕು ಎಳೆದು ಕೆಳಗಿನ ಮಣ್ಣು ಕಾಣುವಂತೆ ಮಾಡುವುದು, ಬಿದ್ದ ಪೈನ್ ಬೀಜಕ್ಕೆ ಬಿಸಿಲು ಬಿಡುವುದು. ಬೇಲಿ ಹಾಕಿ ಬೀಗ ಜಡಿಯುವ ಸಂರಕ್ಷಣೆಯನ್ನೇ ಕಂಡ ನಮಗೆ ಇದು ಕಾಡು ಕಡಿಯುವ ಕೆಲಸವೆಂದೇ ತೋರೀತು. ನನಗೂ ಮೊದಲು ಹಾಗೇ ಅನ್ನಿಸಿತ್ತು. ಹಾಗೆಂದು ಎಲ್ಲ ಕಾಡಿಗೂ ಈ ಮದ್ದು ಹೊಂದುವುದಿಲ್ಲ. ನಮ್ಮ ಮಳೆಕಾಡಿನ ದರಕು ಗುಡಿಸಿದರೆ ಹಾನಿಯೇ.

ಇವತ್ತು ಮೊಳೆತ ಪೈನ್‌ನ ಬುಡದಲ್ಲಿ ಅಣಬೆ ಏಳಲು 20-30 ವರ್ಷ ಬೇಕು. ಆ ಗುಂಪಿನಲ್ಲಿ ನಿವೃತ್ತರು ಬಹಳ. ಬುತ್ತಿ ಕಟ್ಟಿಕೊಂಡು ಬರುತ್ತಾರೆ, ಕುಂಟೆ ಎಳೆಯುತ್ತಾರೆ, ಒಟ್ಟಿಗೆ ಕೂತು ಉಂಡು, ಸಂಜೆ ಬರಿಗೈಯಲ್ಲಿ ಇಳಿಯುತ್ತಾರೆ.